ಮೂವತ್ತೈದು ರ‍್ಯಾಕು, ಒಂದೊಂದು ಕಡಿಮೆ

ಆಗ ನನಗೆ ಐವತ್ತೆಂಟು. ಅದಾಗಿ ಈಗ ಒಂಬತ್ತು ವರ್ಷ. ಇದು ಆಧಾರ್ ಕಾರ್ಡಿನಲ್ಲಿರುವ ಲೆಕ್ಕ. ಅದನ್ನು ಬರೆಸಿಕೊಂಡವನು ನನ್ನ ಮುಖ ನೋಡಿ ಅಂದಾಜು ಹಾಕಿದ್ದರೆ ಆ ಪಾಪ ಅವನದು.

ಹೈದರಾಬಾದಿನಲ್ಲಿ ಒಂದು ದೊಡ್ಡ ಕಂಪನಿಯ ಗೋದಾಮಿನಲ್ಲಿ ಕೆಲಸಕ್ಕಿದ್ದೆ. ಊರಿನ ತುಂಬ ಅವರ ಅಂಗಡಿಗಳು. ಬೇಳೆ, ತುಪ್ಪ, ಸಾಬೂನು, ಬಕೀಟು, ತಲೆದಿಂಬು, ಎಲ್ಲ ಒಂದೇ ಕಡೆ ಸಿಗುವಂಥವು. ಗೋದಾಮು ಊರಿನ ಹೊರಗೆ ಮೇಡ್ಚಲ್ ಕಡೆಗಿತ್ತು. ಬೆಳಗ್ಗೆ ಕಂಪನಿಯ ವ್ಯಾನು ನಾಂಪಲ್ಲಿ ಸ್ಟೇಷನ್ನಿನ ಎದುರಿನಿಂದ ನಮ್ಮನ್ನು ತುಂಬಿಕೊಂಡು ಹೋಗುತ್ತಿತ್ತು. ಮೊದಲ ಮೂರು ವರ್ಷ ನಾನು ಅಲ್ಲಿ ಕಸ ಹೊಡೆದೆ. ಆಮೇಲೆ ಪೆಟ್ಟಿಗೆ ಎಣಿಸುವ ಕೆಲಸಕ್ಕೆ ಹೆಂಗಸರು ಬೇಕೆಂದರು, ಶಾಲೆಯಲ್ಲಿ ಏಳನೆಯತ್ತೆ ಪಾಸಾದವರು ಮಾತ್ರ ಎಂದರು. ನಾನು ಬೀದರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಮೂರನೆಯತ್ತೆ ಅರ್ಧಕ್ಕೆ ಬಿಟ್ಟವಳು. ಕನ್ನಡ ಅಕ್ಷರ ಕೂಡಿಸಿ ಓದುತ್ತೇನೆ, ತಪ್ಪಿ ತಪ್ಪಿ ಬರೆಯುತ್ತೇನೆ. ಇಂಗ್ಲಿಷು ನನಗೆ ಇರುವೆ ಸಾಲು. ಅರ್ಜಿ ತುಂಬುವವನಿಗೆ ಏಳನೆಯತ್ತೆ ಪಾಸು ಎಂದು ಹೇಳಿದೆ. ಸರ್ಟಿಫಿಕೇಟ್ ಎಲ್ಲಿ ಎಂದ. ಹೊಳೆ ಬಂದಾಗ ಹೋಯಿತು ಎಂದೆ. ನಮ್ಮೂರಿಗೆ ಹೊಳೆಯೇ ಇಲ್ಲ.

ಸುಳ್ಳು ಹೇಳಿದ್ದಕ್ಕೆ ಕಾರಣವಿತ್ತು. ಮನೆಯಲ್ಲಿ ನಾನು, ನನ್ನ ತಂಗಿ ಇಬ್ಬರೇ. ತಂಗಿಗೆ ಎರಡೂ ಕಣ್ಣು ಕಾಣುವುದಿಲ್ಲ. ಕಸ ಹೊಡೆಯುವವರನ್ನು ಗುತ್ತಿಗೆದಾರ ಯಾವಾಗ ಬೇಕಾದರೂ ಬದಲಿಸುತ್ತಾನೆ. ಎಣಿಸುವವರು ಕಂಪನಿಯವರು. ಅವರಿಗೆ ದವಾಖಾನೆಯ ಕಾರ್ಡು ಇತ್ತು, ಅದರಲ್ಲಿ ತಂಗಿಗೂ ಔಷಧ ಸಿಗುತ್ತಿತ್ತು.

ಎಣಿಸುವುದಕ್ಕೆ ಕೈಯಲ್ಲಿ ಹಿಡಿಯುವ ಒಂದು ಯಂತ್ರ ಕೊಡುತ್ತಿದ್ದರು. ಎಲ್ಲರೂ ಅದಕ್ಕೆ ಗನ್ ಎನ್ನುತ್ತಿದ್ದರು. ಪೆಟ್ಟಿಗೆಯ ಮೇಲಿನ ಗೆರೆಗೆರೆ ಚೀಟಿಗೆ ಹಿಡಿದು ಒತ್ತಿದರೆ ಟುಂಯ್ ಎನ್ನುತ್ತದೆ, ಅಷ್ಟೇ. ಹಸಿರು ಬಂದರೆ ಸರಿ, ಕೆಂಪು ಬಂದರೆ ಮತ್ತೊಮ್ಮೆ ಒತ್ತಬೇಕು. ಹಸಿರು ಕೆಂಪು ನೋಡಲು ಏಳನೆಯತ್ತೆ ಬೇಕಿಲ್ಲ. ದಿನದಿನದ ಕೆಲಸದಲ್ಲಿ ಬಂದ ಲಾರಿಯ ಪೆಟ್ಟಿಗೆಗಳಿಗೆ ಒಂದಾದ ಮೇಲೊಂದು ಗನ್ ಹಿಡಿಯುತ್ತ ಹೋಗುವುದು, ಬಾಯಲ್ಲಿ ಲೆಕ್ಕ ಹಾಕುವ ಮಾತೇ ಇರಲಿಲ್ಲ. ಹಾಗಾಗಿ ಎರಡು ವರ್ಷ ಯಾರಿಗೂ ಏನೂ ಗೊತ್ತಾಗಲಿಲ್ಲ.

ಆಮೇಲೆ ಕಂಪ್ಯೂಟರ್ ಕೂಡಿಸುವ ಕೆಲಸ ಬಂತು. ಕಂಪನಿಯಲ್ಲಿ ಮೂರು ಲೆಕ್ಕಗಳಿದ್ದವು. ಸಾಮಾನು ಖರೀದಿ ಮಾಡುವವರ ಕಂಪ್ಯೂಟರ್ ಒಂದು, ಗೋದಾಮಿನದು ಒಂದು, ಅಂಗಡಿಗಳಲ್ಲಿ ಬಿಲ್ಲು ಹರಿಯುವುದು ಒಂದು. ಮೂವರು ವಾರಗಿತ್ತಿಯರು ಒಂದೇ ಮನೆಯಲ್ಲಿ ಮೂರು ಒಲೆ ಹೂಡಿದ ಹಾಗೆ. ಯಾರ ಡಬ್ಬಿಯಲ್ಲಿ ಹಿಟ್ಟೆಷ್ಟಿದೆ ಎಂಬುದು ಇನ್ನೊಬ್ಬರಿಗೆ ಗೊತ್ತಿಲ್ಲ. ಅಂಗಡಿಯಲ್ಲಿ ಬೇಳೆ ಮುಗಿದಿರುತ್ತಿತ್ತು, ಗೋದಾಮಿನಲ್ಲಿ ಹುಳ ಬೀಳುತ್ತಿತ್ತು, ಖರೀದಿಯವರು ಮತ್ತೂ ತರಿಸುತ್ತಿದ್ದರು. ಮೂರನ್ನೂ ಒಂದು ಮಾಡಲು ಹೊರಗಿನ ಸಾಫ್ಟ್‌ವೇರ್ ಕಂಪನಿಯವರು ಬಂದು ಐದು ತಿಂಗಳಿಂದ ಗೋದಾಮಿನ ಗಾಜಿನ ಕೋಣೆಯಲ್ಲಿ ಕೂತಿದ್ದರು. ಕಡೆಗೆ ಒಂದು ಭಾನುವಾರ ಗೊತ್ತು ಮಾಡಿದರು. ಸಂಜೆ ನಾಲ್ಕಕ್ಕೆ ಹಳೆಯ ಮೂರನ್ನೂ ಮುಚ್ಚುವುದು, ಹೊಸದು ತೆರೆಯುವುದು, ಸೋಮವಾರ ಬೆಳಗ್ಗೆ ಎಲ್ಲ ಅಂಗಡಿಗಳೂ ಹೊಸದರಲ್ಲೇ ಬಿಲ್ಲು ಹರಿಯುವುದು.

ಕೂಡಿಸುವ ಮುಂಚೆ ಗೋದಾಮಿನಲ್ಲಿ ನಿಜಕ್ಕೂ ಏನಿದೆ ಎಂದು ಎಣಿಸಬೇಕಲ್ಲ. ಶನಿವಾರ ಲಾರಿ ನಿಲ್ಲಿಸಿ ಎಣಿಸಿದೆವು. ಹಿಂದಿನ ಗೇಟಿನ ಕಡೆಯ ಆರು ಸಾಲು ನನ್ನವು. ಸಾಲಿಗೆ ಆರರಂತೆ ಮೂವತ್ತಾರು ರ‍್ಯಾಕು. ಆ ಕಡೆಯ ಸಾಲುಗಳನ್ನು ಇಬ್ಬರು ಗಂಡಸರು ಎಣಿಸಿದರು. ಈ ಸಲದ ಕ್ರಮ ಬೇರೆ ಇತ್ತು. ಮೊದಲು ರ‍್ಯಾಕಿಗೆ ಅಂಟಿಸಿದ ಚೀಟಿಗೆ ಗನ್ ಹಿಡಿದು ಒತ್ತಬೇಕು, ಆಗ ಆ ರ‍್ಯಾಕಿನ ಲೆಕ್ಕ ತೆರೆಯುತ್ತದೆ. ಆಮೇಲೆ ಒಂದೊಂದೇ ಪೆಟ್ಟಿಗೆ. ಎಷ್ಟಾಯಿತು ಎಂಬುದು ಎಣಿಸುವವರಿಗೆ ಕಾಣದಂತೆ ಮಾಡಿದ್ದರು. ಕಂಡರೆ ನಾವು ಹಳೆಯ ಲೆಕ್ಕಕ್ಕೆ ಸರಿಹೊಂದಿಸಿ ಕಳ್ಳಾಟ ಆಡುತ್ತೇವೆ ಎಂದು ಅವರ ಭಯ. ಒಂದು ರ‍್ಯಾಕು ಬಿಟ್ಟುಹೋಗಬಾರದು, ಒಂದನ್ನು ಎರಡು ಸಲ ಒತ್ತಬಾರದು ಎಂದು ನಾನು ಬಾಯಲ್ಲೂ ಎಣಿಸಿದೆ. ನಮ್ಮ ಕಡೆ ರಾಶಿಯಲ್ಲಿ ಅಳೆಯುವಾಗ ಎಣಿಸುವ ಹಾಗೆಯೇ ಎಣಿಸಿದೆ. ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಲಾಭ, ಎರಡು, ಮೂರು. ನನ್ನವ್ವ ಸೇರಿನಲ್ಲಿ ಜೋಳ ಅಳೆಯುವಾಗ ಹಾಗೇ ಅನ್ನುತ್ತಿದ್ದಳು. ನನ್ನ ಬಾಯಿಗೂ ಅದೇ ಬರುತ್ತದೆ.

ಭಾನುವಾರ ಬೆಳಗ್ಗೆ ಹತ್ತೂವರೆಗೆ ಮ್ಯಾನೇಜರ್ ಸಾಹೇಬರು ನನ್ನನ್ನು ಕರೆಸಿದರು. ರಾಯಚೂರಿನವರು, ನಲವತ್ತರ ಒಳಗಿನವರು. ಕನ್ನಡದವಳೆಂದು ನನಗೆ ಸ್ವಲ್ಪ ಮರ್ಯಾದೆ ಕೊಡುತ್ತಿದ್ದರು. ಅವರ ಪಕ್ಕ ಸಾಫ್ಟ್‌ವೇರ್ ಕಂಪನಿಯ ಹುಡುಗಿ ಕೂತಿದ್ದಳು. ತೆಲುಗಿನವಳು, ಸಣ್ಣ ದೇಹ, ಎರಡು ದಿನದಿಂದ ನಿದ್ದೆಯಿಲ್ಲದ ಮುಖ. ದೊಡ್ಡಮ್ಮನಿಗೆ ತೆಲುಗಿನಲ್ಲಿ ಪೆದ್ದಮ್ಮ, ನನ್ನನ್ನು ಹಾಗೇ ಕರೆಯುತ್ತಿದ್ದಳು.

"ಅವ್ವಾ, ನಿಮ್ಮ ಸಾಲಿನ್ಯಾಗ ಮೂವತ್ತೈದು ರ‍್ಯಾಕಿಗೆ ಒಂದೊಂದು ಪೆಟಗಿ ಕಮ್ಮಿ ಬಂದೈತಿ," ಎಂದರು ಸಾಹೇಬರು.

"ಒಂದೊಂದ?"

"ಒಂದೊಂದ. ಎರಡಿಲ್ಲ, ಅರ್ಧ ಇಲ್ಲ. ಖರೀದಿ ಆಗಿದ್ದರಾಗ ಅಂಗಡಿಗೆ ಹೋಗಿದ್ದು ಕಳದ್ರ ಎಷ್ಟ ಇರಬೇಕೋ ಅದಕ್ಕ ಬರೋಬ್ಬರಿ ಒಂದ ಕಮ್ಮಿ. ಆ ಕಡೆ ಸಾಲೆಲ್ಲಾ ಸರಿ ಅದಾವ."

"ಉಳಿದ ಒಂದು ರ‍್ಯಾಕು?"

"ಅದು ಕಕ್ಕಸ ತೊಳಿಯೋ ಔಷಧದ್ದು. ಅದನ್ನ ಯಾರ ಕದೀತಾರ? ಬ್ಯಾಳಿ, ತುಪ್ಪ, ಗೋಡಂಬಿ, ಚಾಪುಡಿ, ಇಂಥಾದ್ರಾಗ ಹೋಗೈತಿ. ಭಾಳ ಹುಷಾರಿ ಕಳ್ಳ. ಒಂದ ಕಡೆ ಮೂವತ್ತೈದ ತಗದ್ರ ಗೊತ್ತಾಗ್ತದ. ಒಂದೊಂದ ಕಡೆ ಒಂದೊಂದ ತಗದ್ರ ಯಾರಿಗೆ ತಿಳೀತದ?"

ನನ್ನ ಮೇಲೆ ಸಂಶಯ ಬಂದಿರಲಿಲ್ಲ. ತುಪ್ಪದ ಪೆಟ್ಟಿಗೆಯನ್ನು ಸೀರೆಯಲ್ಲಿ ಮುಚ್ಚಿಕೊಂಡು ಹೋಗಲಾಗುವುದಿಲ್ಲ. ಅದು ಹೊರಗೆ ಹೋಗಬೇಕಾದರೆ ಗೇಟಿನಿಂದಲೇ ಹೋಗಬೇಕು. ನನ್ನ ಸಾಲುಗಳ ಪಕ್ಕದ ಹಿಂದಿನ ಗೇಟಿನಿಂದ ಹಿಮಾಯತ್‌ನಗರದ ಅಂಗಡಿಗೆ ಸಣ್ಣ ಗಾಡಿಗಳು ಹೋಗುತ್ತಿದ್ದವು. ಆ ಗೇಟಿನಲ್ಲಿ ಕೂತು ಗಾಡಿ ತಪಾಸಣೆ ಮಾಡುತ್ತಿದ್ದವನು ಒಬ್ಬನೇ ಒಬ್ಬ. ಅವನನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ನನಗಿಂತ ಎರಡು ವರ್ಷ ಚಿಕ್ಕವನೇ ಇದ್ದಾನು, ಆದರೂ ನಾನೂ ಚಾಚಾ ಎನ್ನುತ್ತಿದ್ದೆ. ಅವನೂ ಬೀದರಿನವನೇ. ಹದಿನೇಳು ವರ್ಷದಿಂದ ಅದೇ ಕುರ್ಚಿ.

"ಮತ್ತೊಮ್ಮೆ ಎಣಸ್ರಿ. ಎರಡ ರ‍್ಯಾಕು ಸಾಕು. ನಾನೂ ಬರ್ತೀನಿ," ಎಂದರು ಸಾಹೇಬರು.

ತೊಗರಿಬೇಳೆಯ ರ‍್ಯಾಕಿಗೆ ಹೋದೆವು. ಸಾಹೇಬರು ಹಿಂದೆ ನಿಂತು ಫೋನಿನಲ್ಲಿ ದೊಡ್ಡ ಆಫೀಸಿನವರಿಗೆ ಉತ್ತರ ಹೇಳುತ್ತಿದ್ದರು. ಹುಡುಗಿ ತನ್ನ ಕಂಪ್ಯೂಟರನ್ನು ಒಂದು ಪೆಟ್ಟಿಗೆಯ ಮೇಲೆ ತೆರೆದಿಟ್ಟುಕೊಂಡು ಕೂತಳು. ರ‍್ಯಾಕಿನ ಚೀಟಿಗೆ ಗನ್ ಒತ್ತಿದೆ. ಟುಂಯ್. ಲಾಭ, ಎರಡು, ಮೂರು ಎಂದು ಒಳಗೊಳಗೇ ಹೇಳಿಕೊಳ್ಳುತ್ತ ಹೋದೆ. ಕೊನೆಯ ಪೆಟ್ಟಿಗೆಗೆ ನನ್ನ ಬಾಯಿ ಇಪ್ಪತ್ನಾಲ್ಕು ಎಂದಿತು.

"ಇರವೈ ಮೂಡು," ಎಂದಳು ಹುಡುಗಿ. ಇಪ್ಪತ್ಮೂರು.

ತುಪ್ಪದ ರ‍್ಯಾಕಿನಲ್ಲಿ ನನ್ನ ಬಾಯಿ ನಲವತ್ತು ಎಂದಿತು. ಹುಡುಗಿ ಮೂವತ್ತೊಂಬತ್ತು ಎಂದಳು.

"ನಿನ್ನಿ ಬಂದಷ್ಟ ಬಂತು. ಎಣಿಕಿ ಸರಿ ಐತಿ. ಮಾಲ ಹೋಗೈತಿ," ಎಂದರು ಸಾಹೇಬರು. ನನ್ನ ಕಡೆ ತಿರುಗಿ, "ಸರಿ ಎಣಿಸೀರಿ ಅವ್ವಾ, ಹೋಗ್ರಿ," ಎಂದರು.

ನಾನು ಬಾಯಿ ಬಿಡಲಿಲ್ಲ. ಗನ್ ಕೆಟ್ಟಿದೆ ಎಂಬುದು ನನ್ನ ಮೊದಲ ಯೋಚನೆ. ಗನ್ ಕೆಟ್ಟಿದೆ ಎಂದರೆ ಏನಾಗುತ್ತದೆ? ಇದರ ಪರದೆಯಲ್ಲಿ ಏನು ಬರೆದಿದೆ ಓದು ಎನ್ನುತ್ತಾರೆ. ಇಂಗ್ಲಿಷು ಓದಲು ಬಾರದು. ಏಳನೆಯತ್ತೆ ಸುಳ್ಳು ಎಂದು ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು ಮಾತನ್ನೂ ಹೇಳುತ್ತೇನೆ. ಚಾಚಾನ ಮೇಲೆ ನನಗೆ ಸಿಟ್ಟಿತ್ತು. ಹೆಂಗಸರ ಊಟದ ಡಬ್ಬಿ ತೆರೆಸಿ, ಬಿದಿರು ಕಡ್ಡಿಯಿಂದ ಅನ್ನದೊಳಗೆ ತಿವಿದು ನೋಡುವವನು ಅವನು. ಒಂದು ದಿನ ನನ್ನ ಡಬ್ಬಿಯ ಪುಂಡಿಪಲ್ಯದಲ್ಲಿ ಕಡ್ಡಿ ಆಡಿಸಿ, ಇದರಾಗ ಏನೂ ಇಲ್ಲ, ಎಣ್ಣಿನೂ ಇಲ್ಲ ಎಂದು ಎಲ್ಲರ ಎದುರು ಹೇಳಿ ನಗಿಸಿದ್ದ. ಅವನಿಗೆ ಒಂದು ಸಲ ಬಿಸಿ ತಟ್ಟಲಿ ಎಂದುಕೊಂಡೆ. ತಟ್ಟಿ ಬಿಟ್ಟುಬಿಡುತ್ತಾರೆ ಎಂದುಕೊಂಡೆ.

ಬಿಡುವವರಲ್ಲ. ಹನ್ನೆರಡಕ್ಕೆ ಗೊತ್ತಾಯಿತು. ನೀರು ಕುಡಿಯಲು ಹೋದವಳು ಗಾಜಿನ ಕೋಣೆಯ ಬಾಗಿಲ ಹತ್ತಿರ ನಿಂತೆ. ಒಳಗೆ ಹುಡುಗಿ ಹಿಂದಿಯಲ್ಲಿ ಸಾಹೇಬರಿಗೆ ಹೇಳುತ್ತಿದ್ದಳು. ಕಡಿಮೆ ಬಂದ ಪ್ರತಿಯೊಂದಕ್ಕೂ ಒಂದು ಕಾರಣ ಕೊಡಬೇಕು, ಕಾರಣವಿಲ್ಲದೆ ಹೊಸ ಕಂಪ್ಯೂಟರ್ ಮುಂದೆ ಹೋಗುವುದಿಲ್ಲ. ಕಾರಣಗಳ ಪಟ್ಟಿ ಅದರೊಳಗೇ ಇದೆ, ಅದರಿಂದಲೇ ಆರಿಸಬೇಕು. ಒಡೆದದ್ದು, ಕೆಟ್ಟದ್ದು, ಇಲಿ ತಿಂದದ್ದು, ಕಳವು. ಸಾಹೇಬರು ಕಳವು ಎಂದರು. ಕಳವು ಎಂದರೆ ಹೊಣೆಗಾರನ ಹೆಸರು ಕೇಳುತ್ತದೆ ಎಂದಳು ಹುಡುಗಿ. ಸಾಹೇಬರು ಹಿಂದಿನ ಗೇಟಿನ ಕಡೆ ನೋಡಿದರು. ಆಮೇಲೆ ಚಾಚಾನನ್ನು ಕರೆಸಿದರು.

ಎಣಿಸಿದವಳು ತಪ್ಪಿದಳು ಎಂಬ ಕಾರಣ ಆ ಪಟ್ಟಿಯಲ್ಲಿ ಇರಲಿಲ್ಲ.

ಒಂದು ಗಂಟೆಗೆ ಚಾಚಾ ಹೊರಗೆ ಬಂದು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತ. ನಾನು ಅಲ್ಲೇ ಡಬ್ಬಿ ತೊಳೆಯುತ್ತಿದ್ದೆ.

"ನಾಕ ಗಂಟಿ ತನಕ ಟೈಂ ಕೊಟ್ಟಾರ ಅಕ್ಕಾ," ಎಂದ. "ನಾನಾಗೇ ನೌಕರಿ ಬಿಡತೀನಿ ಅಂತ ಕಾಗದದ ಮ್ಯಾಲ ಸಹಿ ಮಾಡಬೇಕಂತ. ಮಾಡಲಿಲ್ಲಂದ್ರ ಪೊಲೀಸರು."

"ಮಾಡ್ತೀಯೇನು?"

"ಪೊಲೀಸರ ಕೈಯಾಗ ಸಿಕ್ಕು ಈ ವಯಸ್ಸಿನ್ಯಾಗ ಲಾಠಿ ತಿನ್ನಲೇನು? ಸಹಿ ಮಾಡಿದ್ರ ಕಳ್ಳ ಅಂತ ಆಗ್ತದ. ಮಾಡಲಿಲ್ಲಂದ್ರ ಮೊದಲ ಕಳ್ಳ, ಆಮ್ಯಾಲ ಹೊಡತ. ಹಿಸಾಬ ನೀನ ಹಾಕು."

ನಾನು ಡಬ್ಬಿ ಉಜ್ಜುತ್ತಲೇ ಇದ್ದೆ.

"ನೀನ ಎಣಿಸಿದ್ದಲ್ಲಾ?" ಎಂದ.

"ನಾನ."

"ಸರಿ ಎಣಿಸೀಯಿಲ್ಲೋ?"

"ಸರಿ ಎಣಿಸೀನಿ."

"ಮತ್ತ ಹೋಯ್ತೆಲ್ಲಿ ಮಾಲು? ಹದಿನೇಳ ವರ್ಷ ನಾಯಿ ಹಂಗ ಕುಂತೀನಿ ಆ ಗೇಟಿನ್ಯಾಗ. ನಿಮ್ಮ ಪಲ್ಯದಾಗ ಸುದ್ದಾ ಕಡ್ಡಿ ಹಾಕಿ ನೋಡೀನಿ. ಎಲ್ಲರೂ ನನ್ನ ಬೈತೀರಿ, ಗೊತ್ತೈತಿ ನನಗ. ಅಷ್ಟ ನೋಡಿದಾಂವ ಪೆಟಗಿ ಬಿಡ್ತೀನೇನು?"

ಅವನು ಮುಖಕ್ಕೆ ನೀರು ಹಾಕಿಕೊಂಡು ಎದ್ದು ಹೋದ. ಬಿಸಿ ತಟ್ಟಲಿ ಎಂದುಕೊಂಡಿದ್ದೆನಲ್ಲ, ತಟ್ಟಿತ್ತು. ಅದನ್ನು ನೋಡಿ ನನಗೆ ಸಂತೋಷವೇನೂ ಆಗಲಿಲ್ಲ. ಆದರೂ ಎದ್ದು ಹೋಗಿ ಹೇಳಲಿಲ್ಲ. ಏನು ಹೇಳುವುದು? ನನ್ನ ಬಾಯಿ ಇಪ್ಪತ್ನಾಲ್ಕು ಎಂದಿತು, ಗನ್ನು ಇಪ್ಪತ್ಮೂರು ಎಂದಿತು ಎಂದರೆ ಮೂರನೆಯತ್ತೆಯವಳ ಬಾಯನ್ನು ಯಾರು ನಂಬುತ್ತಾರೆ?

ಎರಡೂವರೆಗೆ ಗನ್ ಇನ್ನೂ ನನ್ನ ಸೊಂಟದಲ್ಲೇ ಇತ್ತು, ವಾಪಸು ಕೇಳಿರಲಿಲ್ಲ. ನನ್ನ ಸಾಲಿನ ತುದಿಗೆ, ಯಾರೂ ಇಲ್ಲದ ಕಡೆಗೆ ಹೋದೆ. ಗೋಡಂಬಿಯ ರ‍್ಯಾಕು. ಗನ್ ಕೆಟ್ಟಿದೆಯೋ ನೋಡೇಬಿಡೋಣ ಎಂದು ಚೀಟಿಗೆ ಒತ್ತಿದೆ. ಟುಂಯ್ ಎಂದಿತು. ಪೆಟ್ಟಿಗೆಗಳಿಗೆ ಒತ್ತುತ್ತ ಹೋದೆ. ಒತ್ತಿದ್ದಕ್ಕೆಲ್ಲ ಟುಂಯ್, ಒತ್ತಿದ್ದಕ್ಕೆಲ್ಲ ಹಸಿರು. ಗನ್ನಿಗೆ ಏನೂ ಆಗಿರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಪೆಟ್ಟಿಗೆ ನೋಡಲಿಲ್ಲ, ನನ್ನ ಕೈಯನ್ನು ನೋಡಿದೆ.

ರ‍್ಯಾಕಿನ ಚೀಟಿಗೆ ಒತ್ತಿದೆ. ಟುಂಯ್. ಮೊದಲ ಪೆಟ್ಟಿಗೆಗೆ ಲಾಭ ಎಂದೆ. ಗನ್ ಹಿಡಿದ ಕೈ ಹೋಗಿ ಪೆಟ್ಟಿಗೆಯನ್ನು ಮುಟ್ಟಿತು, ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡಿತು. ಆಮೇಲೆ ಎರಡು ಎಂದು ಎರಡನೆಯ ಪೆಟ್ಟಿಗೆಗೆ ಹೋಗಿ ಗನ್ ಒತ್ತಿತು.

ಮೊದಲನೆಯದಕ್ಕೆ ಒತ್ತಿರಲೇ ಇಲ್ಲ.

ನನ್ನವ್ವ ಮೊದಲ ಸೇರನ್ನು ಕಣ್ಣಿಗೊತ್ತಿಕೊಂಡೇ ಸುರಿಯುತ್ತಿದ್ದಳು. ನಾನೂ ಆರು ವರ್ಷದವಳಿದ್ದಾಗಿನಿಂದ ಹಾಗೇ ಮಾಡಿದವಳು. ಅದು ಕೈ ತಾನಾಗಿ ಮಾಡುವ ಕೆಲಸ, ಆಕಳಿಸುವಾಗ ಬಾಯಿ ತೆರೆದ ಹಾಗೆ. ರ‍್ಯಾಕಿನ ಚೀಟಿಗೆ ಒತ್ತಿದಾಗ ಬಂದ ಸದ್ದನ್ನೇ ಮೊದಲ ಪೆಟ್ಟಿಗೆಯ ಸದ್ದೆಂದು ಕಿವಿ ಹಿಡಿದುಕೊಂಡಿತ್ತು. ಬಾಯಿ ಎಣಿಸಿತು, ಗನ್ ಎಣಿಸಲಿಲ್ಲ. ಮೂವತ್ತೈದು ಸಲ ಹಾಗಾಗಿದೆ.

ಅಲ್ಲೇ ಕುಕ್ಕುರುಗಾಲಲ್ಲಿ ಕೂತೆ. ಈಗ ನನಗೆ ಖಾತ್ರಿಯಾಗಿ ಗೊತ್ತಿತ್ತು. ಗೊತ್ತಿಲ್ಲ ಎಂದು ಸುಮ್ಮನಿರುವುದಕ್ಕೂ ಗೊತ್ತಿದ್ದು ಸುಮ್ಮನಿರುವುದಕ್ಕೂ ಅಂತರವಿದೆ. ತಂಗಿಯ ಔಷಧ ನೆನಪಾಯಿತು. ಗುತ್ತಿಗೆದಾರನ ಮುಖ ನೆನಪಾಯಿತು. ಯಾರಾದರೂ ಇನ್ನೊಬ್ಬರು ಎಣಿಸಲಿ, ತಾನಾಗಿ ಹೊರಬೀಳಲಿ ಎಂದು ಕಾದೆ. ಆದರೆ ಎಣಿಸಲು ಯಾರೂ ಬರಲಿಲ್ಲ. ಎರಡು ಸಲ ಎಣಿಸಿಯಾಗಿತ್ತಲ್ಲ, ಅದೂ ನನ್ನ ಕೈಯಿಂದಲೇ. ಗೋಡೆಯ ಗಡಿಯಾರದಲ್ಲಿ ಮೂರೂ ಕಾಲಾಗಿತ್ತು. ಮುಳ್ಳು ನೋಡಲು ನನಗೆ ಬರುತ್ತದೆ. ಮೂರೂವರೆಯಾಯಿತು. ಗಾಜಿನ ಕೋಣೆಯೊಳಗೆ ಚಾಚಾ ಹೋಗುವುದು ಕಂಡಿತು. ತಲೆಯ ಮೇಲಿನ ಟೊಪ್ಪಿಗೆಯನ್ನು ಸರಿಮಾಡಿಕೊಂಡು ಹೋದ.

ನಾನು ಎದ್ದೆ. ಮೊಣಕಾಲು ಹಿಡಿದಿತ್ತು, ರ‍್ಯಾಕು ಹಿಡಿದು ಎದ್ದೆ. ಬಾಗಿಲು ತಟ್ಟದೆ ಒಳಗೆ ಹೋದೆ.

ಮೇಜಿನ ಮೇಲೆ ಕಾಗದವಿತ್ತು. ಚಾಚಾನ ಕೈಯಲ್ಲಿ ಪೆನ್ನಿತ್ತು. ಹುಡುಗಿ ಕಂಪ್ಯೂಟರಿನ ಮುಂದೆ ಕೂತು ಯಾರ ಮುಖವನ್ನೂ ನೋಡದೆ ಉಗುರು ಕಚ್ಚುತ್ತಿದ್ದಳು.

"ಸಹಿ ಮಾಡಬ್ಯಾಡ," ಎಂದೆ. "ಸಾಹೇಬ್ರ, ಪೆಟಗಿ ಎಲ್ಲಾ ಅದಾವ್ರಿ. ಎಣಿಸಿದ್ದ ತಪ್ಪೈತಿ."

"ಈಗೇನಬೇ ನಿಂದು?" ಸಾಹೇಬರ ಬಾಯಲ್ಲಿ ಮರ್ಯಾದೆ ಹೋಗಿತ್ತು. "ಎರಡ ಸಲ ಎಣಿಸೀಯಿ. ನನ್ನ ಕಣ್ಣ ಮುಂದ ಎಣಿಸೀಯಿ."

"ಎರಡ ಸಲಾನೂ ತಪ್ಪೀನ್ರಿ. ಮೊದಲನೇ ಪೆಟಗಿಗೆ ಲಾಭ ಅಂತ ಕಣ್ಣಿಗೆ ಒತ್ಕೊಂಡೀನಿ, ಗನ್ ಒತ್ತಿಲ್ಲ. ಎಲ್ಲಾ ರ‍್ಯಾಕಿಗೂ ಹಂಗ ಮಾಡೀನಿ."

ಸಾಹೇಬರು ನನ್ನನ್ನೂ ಚಾಚಾನನ್ನೂ ನೋಡಿದರು. "ಇಬ್ಬರೂ ಬೀದರಿನವರು. ಮಧ್ಯಾಹ್ನ ನೀರಿನ ಟ್ಯಾಂಕಿ ಹತ್ತರ ಕುಂತು ಮಾತಾಡಿದ್ದು ನಾ ನೋಡೀನಿ. ಏನು, ಇವನ್ನ ಉಳಸಾಕ ಕಥಿ ಕಟ್ಟಿಕೊಂಡ ಬಂದೀಯೇನು?"

"ಇವನ್ನ ಉಳಸಾಕ ಇವ ನನ್ನ ತವರಮನಿಯಾಂವಲ್ರಿ. ಎಲ್ಲರ ಮುಂದ ನನ್ನ ಪಲ್ಯದಾಗ ಕಡ್ಡಿ ಆಡಿಸಿದಾಂವ."

"ಹಂಗಾದ್ರ ಆ ಒಂದ ರ‍್ಯಾಕು ಯಾಕ ಸರಿ ಬಂತು? ಹೇಳು. ಎಲ್ಲಾದಕ್ಕೂ ಹಂಗ ಮಾಡೀನಿ ಅಂತೀಯಲ್ಲ, ಅದೊಂದಕ್ಕ ಯಾಕ ಮಾಡಲಿಲ್ಲ?"

"ಅದು ಕಕ್ಕಸ ತೊಳಿಯೋದ್ರಿ," ಎಂದೆ. "ಅದನ್ನ ಯಾರ ಕಣ್ಣಿಗೆ ಒತ್ಕೋತಾರ? ಅದಕ್ಕ ಲಾಭ ಅನ್ನಲಿಲ್ಲ ನಾನು. ಒಂದು ಅಂತ ಒತ್ತೀನಿ."

ಹುಡುಗಿಗೆ ಕನ್ನಡ ಪೂರ್ತಿ ತಿಳಿಯದು, ಏನೆಂದಳು ಎಂದು ತೆಲುಗಿನಲ್ಲಿ ಕೇಳಿದಳು. ನಾನೇ ತೆಲುಗಿನಲ್ಲಿ ಹೇಳಿದೆ, ಕೈಯಲ್ಲೂ ಮಾಡಿ ತೋರಿಸಿದೆ. ಅವಳು ನನ್ನ ಕೈಯನ್ನೇ ನೋಡಿದಳು. ಕುರ್ಚಿ ಹಿಂದೆ ತಳ್ಳಿ ಹೊರಗೆ ಓಡಿದಳು.

ಗಾಜಿನ ಆ ಕಡೆ ಅವಳು ಕಾಣುತ್ತಿದ್ದಳು. ಗನ್ ಒಯ್ದಿರಲಿಲ್ಲ. ತೊಗರಿಬೇಳೆಯ ರ‍್ಯಾಕಿನ ಮುಂದೆ ನಿಂತು ಬೆರಳು ಮಾಡಿ ಎಣಿಸುತ್ತಿದ್ದಳು, ತುಟಿ ಆಡುತ್ತಿತ್ತು. ಹಿಂದಕ್ಕೆ ಸುತ್ತಿ ಹೋದಳು, ಕಾಣಲಿಲ್ಲ. ಒಳಗೆ ಮೂವರೂ ಗಾಜಿಗೆ ಮುಖ ಮಾಡಿ ನಿಂತೆವು. ಚಾಚಾನ ಕೈಯಲ್ಲಿ ಪೆನ್ನು ಹಾಗೇ ಇತ್ತು. ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು. ಯಾರಾದರೂ ನಿಜಕ್ಕೂ ಕದ್ದಿದ್ದರೆ ಎಂಬ ಯೋಚನೆ ಆಗ ಬಂತು. ನನ್ನ ಕೈಯೂ ತಪ್ಪಿ, ಮಾಲೂ ಹೋಗಿದ್ದರೆ ಎರಡೂ ಕಡೆಯಿಂದ ನಾನೇ ಸಾಯುವುದು.

ಹುಡುಗಿ ತುಪ್ಪದ ರ‍್ಯಾಕಿಗೆ ಹೋದಳು. ಅಲ್ಲಿಂದ ಚಾಪುಡಿಗೆ. ವಾಪಸು ಬರುವಾಗ ಓಡಲಿಲ್ಲ, ನಡೆದೇ ಬಂದಳು.

"ಇಪ್ಪತ್ನಾಲ್ಕು, ನಲವತ್ತು, ಹದಿನೆಂಟು," ಎಂದಳು ಹಿಂದಿಯಲ್ಲಿ. "ಮೂರೂ ಪೂರಾ ಇವೆ, ಸರ್."

ಸಾಹೇಬರು ಫೋನ್ ತೆಗೆದುಕೊಂಡು ದೊಡ್ಡ ಆಫೀಸಿಗೆ ಒಂದು ಗಂಟೆ ಕೇಳಿದರು. ಅರ್ಧ ಗಂಟೆ ಕೊಟ್ಟರಂತೆ. ಆ ಕಡೆಯ ಸಾಲಿನ ಇಬ್ಬರು ಗಂಡಸರು, ಹುಡುಗಿ, ಸಾಹೇಬರು, ಕೊನೆಗೆ ಚಾಚಾ ಕೂಡ ಬೆರಳು ಮಾಡಿ ಎಣಿಸಿದರು. ನನ್ನನ್ನು ಎಣಿಸಲು ಬಿಡಲಿಲ್ಲ. ಬಾಗಿಲ ಬಳಿ ನಿಂತು ನೋಡಿದೆ. ಮೂವತ್ತೈದೂ ಪೂರ್ತಿ ಇದ್ದವು. ನಾಲ್ಕೂವರೆಗೆ ಹುಡುಗಿ ಏನೋ ಒತ್ತಿ, ಕುರ್ಚಿಗೆ ಒರಗಿ, ಕೂಡಿತು ಎಂದಳು. ಮೂರು ಒಲೆ ಒಂದಾದವು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಚಾಚಾ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡ. ನನ್ನ ಪಕ್ಕದಿಂದ ಹೋಗುವಾಗ ನಿಂತ. ಏನಾದರೂ ಒಳ್ಳೆಯ ಮಾತು ಹೇಳುತ್ತಾನೆಂದು ನಾನು ಕಾದಿರಲಿಲ್ಲ, ಅವನು ಹೇಳಲೂ ಇಲ್ಲ.

"ಮೂವತ್ತೈದ ಸಲ ಕಣ್ಣಿಗೆ ಒತ್ಕೊಂಡಿ," ಎಂದ. "ಒಂದ ಸಲ ಬಾಯಿ ಬಿಡಾಕ ನಿನಗ ನಾಕ ಗಂಟಿ ಬೇಕಾತೇನು?"

"ನಾಕೂ ಆಗಿದ್ದಿಲ್ಲ, ಇನ್ನ ಕಾಲ ಗಂಟಿ ಇತ್ತು," ಎಂದೆ.

ಅವನು ನಕ್ಕನೋ ಇಲ್ಲವೋ ನೋಡಲಿಲ್ಲ. ಗೇಟಿಗೆ ಹೋದ.

ಸಾಹೇಬರು ನನ್ನನ್ನು ಒಳಗೆ ಕರೆದು ಕೂರಿಸಿದರು. ಮತ್ತೆ ಮರ್ಯಾದೆಯ ಮಾತು ಬಂದಿತ್ತು. "ಅವ್ವಾ, ಒಂದ ಕೇಳ್ತೀನಿ. ಎಣಿಕಿ ಮುಗದ ಮ್ಯಾಲ ಗನ್ನಿನ ಪರದಿ ಮ್ಯಾಲ ಇಂಗ್ಲಿಷಿನ್ಯಾಗ ಒಂದ ಸಾಲ ಬರ್ತದ. ಮೊದಲ ಪೆಟಗಿ ಒತ್ತೀರೇನು, ನೋಡಿಕೊಳ್ರಿ ಅಂತ ಬರ್ತದ. ಅದನ್ನ ಓದಲಿಲ್ಲೇನು?"

"ಓದಾಕ ಬರೂದಿಲ್ರಿ."

"ಏಳನೇತ್ತ?"

"ಮೂರನೇತ್ತ. ಅದೂ ಅರ್ಧ."

ಅವರು ಮೇಜಿನ ಮೇಲಿನ ಫೋನನ್ನು ಪಕ್ಕಕ್ಕೆ ಸರಿಸಿದರು. ಹೊಸ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬ ಎಣಿಸುವವರ ಓದು ಎಷ್ಟು ಎಂಬುದೂ ಇರುತ್ತದೆ, ದೊಡ್ಡ ಆಫೀಸಿನವರು ನೋಡುತ್ತಾರೆ, ಇವತ್ತು ನಡೆದದ್ದನ್ನು ಬರೆದು ಕಳಿಸಲೇಬೇಕು, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಕಸ ಹೊಡೆಯುವ ಕೆಲಸಕ್ಕಾದರೂ ಇಟ್ಟುಕೊಳ್ಳಿ ಎಂದೆ. ಸುಳ್ಳು ಬರೆಸಿದವರನ್ನು ಯಾವ ಕೆಲಸಕ್ಕೂ ತೆಗೆದುಕೊಳ್ಳುವಂತಿಲ್ಲ ಎಂದರು. ಅವರು ಹೇಳಿದ್ದು ಸರಿಯೇ. ಸುಳ್ಳು ಬರೆಸಿದ್ದು ನಾನೇ. ಕೊರಳಿನ ಗುರುತಿನ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟೆ. ದವಾಖಾನೆಯ ಕಾರ್ಡನ್ನೂ ಇಡಬೇಕಾಯಿತು. ಹುಡುಗಿ ಕಂಪ್ಯೂಟರಿನಿಂದ ನನ್ನ ಹೆಸರು ಅಳಿಸುವಾಗ, ಪೆದ್ದಮ್ಮಾ, ನೀವು ಬಾಯಿಯಲ್ಲಿ ಎಣಿಸಿದ್ದು ಒಂದೂ ತಪ್ಪಿರಲಿಲ್ಲ ಎಂದಳು. ಅದರಿಂದ ಅವಳಿಗೆ ಸಮಾಧಾನ ಆಗಿರಬೇಕು.

ಮನೆಗೆ ಹೋಗಿ ತಂಗಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಔಷಧ ಇನ್ನು ಎಷ್ಟು ದಿನಕ್ಕಿದೆ ಎಂದು ಕೇಳಿದಳು. ಹನ್ನೊಂದು ದಿನಕ್ಕೆ ಎಂದೆ. ಹಂಗಾದ್ರ ಹನ್ನೊಂದ ದಿನದಾಗ ಏನಾರ ನೋಡು, ಈಗ ಉಣ್ಣು ಎಂದಳು.

ಮರುದಿನ ಬೆಳಗ್ಗೆ ಆರಕ್ಕೆ ಎದ್ದು, ತಂಗಿಗೆ ಎರಡು ರೊಟ್ಟಿ ಬಡಿದು ಮುಚ್ಚಿಟ್ಟು, ನಡೆದುಕೊಂಡು ಬೇಗಂ ಬಜಾರಿಗೆ ಹೋದೆ. ಒಣಮೆಣಸಿನಕಾಯಿ ಮಾರುವ ಸಾಲಿನಲ್ಲಿ ಒಂದು ಅಂಗಡಿಯ ಮುಂದೆ ಏಳೆಂಟು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿದ್ದರು. ಸೇಠನಿಗೆ ಕೆಲಸ ಕೇಳಿದೆ. ಓದಲು ಬರುತ್ತದೆಯೇ ಎಂದು ಅವನು ಕೇಳಲಿಲ್ಲ, ಕೆಮ್ಮು ಇದೆಯೇ ಎಂದು ಕೇಳಿದ. ಇಲ್ಲ ಎಂದೆ. ಗೋಣಿತಟ್ಟು ಹಾಸಿಕೊಂ‍ಡು ಕೂತೆ.